ಹದಿನಾಲ್ಕನೇ ಬೇಸಿನ್ನು

ಚಿಕ್ಕಬಳ್ಳಾಪುರದ ಆಸ್ಪತ್ರೆ, ಮೇಲಿನ ಮಹಡಿ, ಕಿಟಕಿಗೆ ಹಸಿರು ಪರದೆ.
ಮೇಡಂ ಎರಡು ಬೆರಳು ಎತ್ತಿದರು.
"ಖಮರುನ್ನಿಸಾ, ತಲೆ ಅಲ್ಲಾಡಬಾರದು. ಕಣ್ಣು ಮಾತ್ರ."
ಎಡಕ್ಕೆ. ಬಲಕ್ಕೆ. ಎಡಕ್ಕೆ.
ನನಗೆ ನಗು ಬಂತು.
ಇದಕ್ಕಾ ಶಿಡ್ಲಘಟ್ಟದಿಂದ ಬಸ್ಸಲ್ಲಿ ನಿಂತು ಬಂದೆ?

ಅತ್ತೆ ಆಗಲೇ ನಜರ್ ಇಳಿಸಿದ್ದರು,
ಏಳು ಮೆಣಸಿನಕಾಯಿ, ಹಿಡಿ ಉಪ್ಪು.
ಒಲೆಗೆ ಹಾಕಿದರೆ ಘಾಟೇ ಇಲ್ಲ,
ಅಷ್ಟು ಕೆಟ್ಟ ಕಣ್ಣಂತೆ.
ಪಕ್ಕದ ಮನೆ ಗೌರಕ್ಕ ದೃಷ್ಟಿ ತೆಗೆದಳು,
ಮುರುಗಮಲ್ಲದಲ್ಲಿ ಕೈಗೆ ದಾರ ಬಿತ್ತು.
ಎಲ್ಲರೂ ನನ್ನ ಸುತ್ತ ಕೈ ತಿರುಗಿಸಿದವರೇ.
ನೀನೇ ನೋಡು ಅಂದವರು ಒಬ್ಬರೂ ಇಲ್ಲ.

ನೋಡೋದೇನು?
ಕುಕ್ಕರ್ ಕೂಗಿದರೆ ನಾನು ಮಂಚದ ಕೆಳಗೆ.
ಬಿಸಿನೀರಿಗೆ ವಾಸನೆ ಇದೆ, ಗೊತ್ತಾ ನಿಮಗೆ?
ಬೆಂದ ಗೂಡಿನದು, ಸತ್ತ ಹುಳದ್ದು.
ಅದು ಮೂಗಿಗೆ ಬಡಿದರೆ ಸಾಕು
ಆ ಮುಂಜಾನೆ ಪೂರಾ ಮತ್ತೆ ನಡೆಯುತ್ತದೆ.
ನೆನಪಲ್ಲ ಅದು.
ನೆನಪಾಗಿದ್ದರೆ ಹಿಂದೆ ಇರಬೇಕಿತ್ತಲ್ಲ.

"ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಹೇಳಿ."
ಹನ್ನೊಂದು ಅಂದೆ. ಬರೆದುಕೊಂಡರು.
"ಮೈಯಲ್ಲಿ ಎಲ್ಲಿ?" ಕುತ್ತಿಗೆ. ಎಡಭುಜ.
"ಆ ಚಿತ್ರದ ಜೊತೆ ಬರುವ ಮಾತು ಯಾವುದು?"
ಹೇಳೋಕೆ ತಡವಾಯಿತು:
ನಾನು ಬಗ್ಗಬಾರದಿತ್ತು.

ಬೆರಳು ಹೊರಟಿತು,
ಎಡಕ್ಕೆ, ಬಲಕ್ಕೆ.
ಅರೆ, ಈ ಓಡಾಟ ನನಗೆ ಗೊತ್ತು!
ರಾಟೆಯ ಮುಂದೆ ಆ ಕಡ್ಡಿ ಹೀಗೇ ಹೋಗಿ ಬರುತ್ತಿತ್ತು,
ಎಳೆ ಒಂದೇ ಕಡೆ ಕೂತು ಗಡ್ಡೆ ಕಟ್ಟದ ಹಾಗೆ
ಅಗಲಕ್ಕೆ ಹರಡೋಕೆ.
ಹದಿನಾಲ್ಕನೇ ಬೇಸಿನ್ನಲ್ಲಿ ಕೂತು
ಒಂಬತ್ತು ವರ್ಷ ಅದರ ಹಿಂದೆ ಓಡಿದ ಕಣ್ಣು ಇವು.

"ಏನು ಬಂತು?"
ಹಬೆ.
"ಅದರ ಜೊತೆ ಹೋಗಿ."
ಮತ್ತೆ ಬೆರಳು. "ಈಗ?"
ಪಿಳ್ಳಮ್ಮನ ಚಪ್ಪಲಿ. ಒಂದೇ.
ಬಿಕ್ಕಿದೆ. ಮೇಡಂ ನೀರು ಕೊಟ್ಟರು, ಕಿಟಕಿ ತೆರೆದರು,
ಪಾದ ನೆಲಕ್ಕೆ ಒತ್ತಲು ಹೇಳಿದರು.
ನೆಲ ತಣ್ಣಗಿತ್ತು.
ಆವತ್ತು ಅಷ್ಟಕ್ಕೇ ನಿಲ್ಲಿಸಿದರು.

ಮುಂದಿನ ವಾರ ಏನೂ ಬರಲಿಲ್ಲ.
ಬರೀ ಕಣ್ಣುನೋವು, ಒಂದು ದಿನದ ಕೂಲಿ ದಂಡ.
ಐದನೇ ವಾರವೋ ಆರನೆಯದೋ
ಹಬೆಗಿಂತ ಮುಂಚಿನದು ಬಂತು.
ಬೇಯಿಸಿದ ಗೂಡಲ್ಲಿ ತುದಿ ಹುಡುಕೋದು ಹಾಗೇ:
ಮೇಲಿನ ಜುಂಗು ಎಷ್ಟು ಎಳೆದರೂ ತುಂಡು ತುಂಡು,
ಆಮೇಲೆ ಯಾವುದೋ ಒಂದು ಸಿಗುತ್ತದೆ,
ಗೂಡು ನೀರಲ್ಲಿ ತಾನೇ ತಿರುಗಲು ಶುರು.

ಪಿಳ್ಳಮ್ಮ ಹದಿಮೂರನೆಯದರಲ್ಲಿ. ಬಾಯಲ್ಲಿ ಎಲೆ ಅಡಿಕೆ.
ತಂಗಿ ಮಗನ ನಾಮಕರಣದಲ್ಲಿ
ತುಪ್ಪ ಅಂತ ಯಾರೋ ಡಾಲ್ಡಾ ಬಡಿಸಿದ ಕಥೆ ಹೇಳುತ್ತಾ,
ಅರ್ಧದಲ್ಲೇ, ನನ್ನ ಕಡೆ ಗದ್ದ ಎತ್ತಿ:
"ಲೇ ಖಮರೂ, ಎಳೆ ತುಂಡಾಯ್ತು ನೋಡೇ."
ನೋಡಿದೆ. ಬಗ್ಗಿದೆ.
ಬಾಯ್ಲರಿನ ಮುಚ್ಚಳ ನನ್ನ ತಲೆಯ ಮೇಲಿಂದ ಹೋಯಿತು.

ಎರಡು ವರ್ಷ ನನ್ನ ಕಿವಿಯಲ್ಲಿ ಆ ಮಾತೇ ಇರಲಿಲ್ಲ.
ಬಗ್ಗಿದ್ದು ಇತ್ತು.
ಬಗ್ಗಿಸಿದವಳು ಇರಲಿಲ್ಲ.

ಮೇಡಂ ಕೈ ಕೆಳಗಿಳಿಸಿದರು, ತೋಳು ಸೋತಿರಬೇಕು.
"ಈಗ ಆ ಮಾತು?"
ನೋಡು ಅಂದಳು, ಅದಕ್ಕೇ ಬಗ್ಗಿದೆ.
"ಎಷ್ಟು?"
ಮೂರು. ಎರಡು ಅನ್ನಿ ಬೇಕಾದರೆ.
ಸೊನ್ನೆ ಕೇಳಬೇಡಿ.

ತುಂಡಾದ ಎಳೆಗೆ ಗಂಟು ಹಾಕಿದರೆ ಕಣ್ಣಿಗೆ ಕಾಣೋದಿಲ್ಲ,
ಉಗುರು ಓಡಿಸಿದರೆ ಸಿಗುತ್ತದೆ.
ಕುಕ್ಕರ್ ಈಗಲೂ ಕೂಗುತ್ತದೆ. ಬೆಚ್ಚುತ್ತೇನೆ,
ಆಮೇಲೆ ಹೋಗಿ ಉರಿ ಸಣ್ಣ ಮಾಡುತ್ತೇನೆ.

ಆ ತುಪ್ಪದ ಕಥೆ ಮುಂದೇನಾಯ್ತೋ,
ಅದೊಂದು ಯಾವ ಬೆರಳಿಗೂ ಬರಲಿಲ್ಲ.
ಪಿಳ್ಳಮ್ಮನ ತಂಗಿ ಚಿಂತಾಮಣಿಯಲ್ಲಿದ್ದಾಳೆ.
ಒಂದು ದಿನ ಹೋಗಿ
ಕೇಳಬೇಕು.