ಹೂ ಬಿಡುವ ಮೊದಲು

ಇಲಾಖೆಯವರು ಒರಬಾಂಕಿ ಅಂದರು,
ನಾವು ಬೆಂಕಿಗಿಡ ಅನ್ನುತ್ತೇವೆ.
ಹನಗೋಡಿನಿಂದ ಈಚೆಗೆ ಹದಿನೇಳು ಹೊಲ,
ಹದಿನಾರು ಸಹಿ,
ನನ್ನದು ಹೆಬ್ಬೆಟ್ಟು.

ಎಲೆಯಿಲ್ಲ ಅದಕ್ಕೆ, ಹಸಿರೇ ಇಲ್ಲ.
ಹೊಗೆಸೊಪ್ಪಿನ ಬುಡದಲ್ಲಿ ಮಣ್ಣು ಸಣ್ಣಗೆ ಬಿರಿದು
ಹೆಣದ ಬೆರಳಿನ ಬಣ್ಣದ ಮೊಳಕೆ.
ನಾಕು ದಿನ ಬಿಟ್ಟರೆ ನೇರಳೆ ಹೂವು.
ಚೆಂದವೇ, ಸುಳ್ಳು ಯಾಕೆ ಹೇಳಲಿ.
ಮೊಮ್ಮಗಳು ಒಂದನ್ನು ಜಡೆಗೆ ಸಿಕ್ಕಿಸಿಕೊಂಡಿದ್ದಳು,
ಕಿತ್ತು ಒಲೆಗೆ ಹಾಕಿದೆ. ಅತ್ತಳು.

ನಿನ್ನೆ ತಾನೆ ಮಳೆ ಹುಯ್ದಿದ್ದರೂ
ಸೊಪ್ಪು ಬಿಸಿಲೇರುವ ಮುಂಚೆಯೇ ಜೋಲುತ್ತದೆ.
ಅಗೆದು ನೋಡಿದರೆ ಬೇರಿಗೆ ಬೇರು ಬೆಸೆದು
ಯಾವುದು ಯಾರದೋ ಬಿಡಿಸಲಾಗದು.

ಲೋಹಿತನೆಂಬ ಹುಡುಗ ಆರ್ಡರು ಓದಿದ:
ಹೂ ಬಿಡುವ ಮೊದಲೇ ಕೀಳಬೇಕು,
ಬದುವಿಗೆ ಬಿಸಾಡಬಾರದು, ತಿಪ್ಪೆಗೆ ಹಾಕಬಾರದು,
ಒಂದೇ ಗುಂಡಿಯಲ್ಲಿ ಸುಡಬೇಕು,
ಒಬ್ಬರು ಬಿಟ್ಟರೂ ಎಲ್ಲರಿಗೂ ದಂಡ.
"ಬೀಜ ನಶ್ಯದ ಪುಡಿ ಇದ್ದಂಗೆ ಅಜ್ಜಿ.
ಇಪ್ಪತ್ತು ವರ್ಷ ಮಲಗಿದ್ದು
ಬೇರಿನ ವಾಸನೆ ಹಿಡಿದು ಏಳುತ್ತೆ."

ಇಪ್ಪತ್ತು ವರ್ಷ.
ಕೆಂಪಾಜಮ್ಮನೂ ನಾನೂ ಮಾತು ಬಿಟ್ಟು ಅಷ್ಟೇ ಆಯಿತು.
ಓರಗಿತ್ತಿ.
ಹೊಲ ಭಾಗವಾದ ದಿನ ಕುಂಟೆ ಯಾರಿಗೆಂದು ಜಗಳ.
ಕುಂಟೆ ನನ್ನ ಪಾಲಿಗೆ ಬಂತು,
ಮಾತು ಯಾರ ಪಾಲಿಗೂ ಬರಲಿಲ್ಲ.

ಅವಳ ಹೊಲದಿಂದ ಬಂತೆಂದು ನಾನು,
ನನ್ನ ಹೊಲದಿಂದ ಬಂತೆಂದು ಅವಳು,
ಊರಿಗೆಲ್ಲ ಸಾರಿದೆವು.
ಇದ್ದದ್ದು ಕುಂಟೆಗಂಟಿದ ಮಣ್ಣಿನಲ್ಲಿ.
ಕೇಳಿದವರಿಗೆಲ್ಲ ಎರವಲು ಕೊಟ್ಟೆ,
ಒಂದು ಸಲವೂ ತೊಳೆದು ಕೊಟ್ಟವಳಲ್ಲ.
ಇದನ್ನು ಲೋಹಿತನಿಗೆ ಹೇಳಿಲ್ಲ.

ಗುಂಡಿಯನ್ನು ಇಬ್ಬರ ಬದುವಿನ ಮೇಲೇ ತೋಡಿದರು,
ಜಾಗ ಯಾರದೆಂದು ಕೇಳದೆ.
ನಾನು ಮಂಕರಿ ಹೊತ್ತು ತಂದೆ, ಅವಳೂ ತಂದಳು.
ಹಸಿ ಗಿಡ, ಹತ್ತಿಕೊಳ್ಳದು. ಹೆಸರಿಗೆ ಬೆಂಕಿ,
ಬರೀ ಹೊಗೆ.
ಸೆರಗಿನಿಂದ ಕಣ್ಣೊರೆಸಿಕೊಂಡು
"ಸೀಮೆಎಣ್ಣೆ ಐತಾ?" ಅಂದಳು,
ಗುಂಡಿಯನ್ನೇ ನೋಡುತ್ತ.
"ಒಸಿ ಐತೆ."

ಮುಂದಿನ ಸಲ ಎಳ್ಳು ಬಿತ್ತಬೇಕಂತೆ.
ಅದರ ಬೇರಿಗೆ ಮೋಸಹೋಗಿ ಬೀಜ ಎದ್ದು,
ಹಿಡಿಯಲು ಏನೂ ದಕ್ಕದೆ ಸಾಯುತ್ತದಂತೆ.
ಎಳ್ಳುನೀರು ಬಿಡೋದು ಗೊತ್ತಿತ್ತು, ಅಂದಳು ಕೆಂಪಾಜಮ್ಮ.
ನಕ್ಕಳೋ, ಕೆಮ್ಮಿದಳೋ.

ಆಮೇಲೆ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ
ಒಂದು ಚಿಟಿಕೆ ಕಡ್ಡಿಪುಡಿ ನನ್ನ ಅಂಗೈಗೆ ಉದುರಿಸಿದಳು.
ನಲವತ್ತು ವರ್ಷದಿಂದ ಇದಿಲ್ಲದೆ
ನಮ್ಮಿಬ್ಬರಿಗೂ ಬೆಳಗಾದದ್ದಿಲ್ಲ.
ಲೋಹಿತ ಇದನ್ನೂ ಬರೆದುಕೊಳ್ಳುತ್ತಾನೇನೋ ಅಂತ
ತಿರುಗಿ ನೋಡಿದೆ.
ಅವನಾಗಲೇ ಆಚೆ ಹೊಲದಲ್ಲಿ
ಬಗ್ಗಿ ಬಗ್ಗಿ ಎಣಿಸುತ್ತಿದ್ದ.