ಎಡಮೂಲೆಯ ನೆರಳು

ಅಲಜಾನಿ ಕಣಿವೆಯ ಈ ಮ್ಯೂಸಿಯಂ
ಮೊದಲು ದ್ರಾಕ್ಷಾರಸ ಸಂಘದ ಗೋದಾಮು.
ಗೋಡೆಗೆ ಇನ್ನೂ ಹುಳಿ ವಾಸನೆ.
ನಲವತ್ತೊಂದು ಮರದ ಪೆಟ್ಟಿಗೆ, ತುಂಬ ಬೋಕಿ ಚೂರು,
ಒಂದಾದರೂ ಪೂರಾ ಗಡಿಗೆಯಿಲ್ಲ.

ನಾಜಿಬ್ರೋಲಾ ಮೂವತ್ತೆರಡು ವರುಷದಿಂದ
ಇವನ್ನು ತೊಳೆಯುತ್ತಾಳೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ.
ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾಳೆ.
ಯಾರೂ ನೋಡದಾಗ ನಾಲಗೆ ತುದಿಗೆ ತಾಗಿಸುತ್ತಾಳೆ:
ಅಂಟಿದರೆ ಎರಡನೇ ಬಗೆ,
ಜಾರಿದರೆ ಮೂರನೆಯದು,
ಹೊರಗೆ ಕಾಡಿಗೆ ಕಪ್ಪು, ಒಳಗೆ ದಾಳಿಂಬೆ ಸಿಪ್ಪೆಯ ಕೆಂಪು.

ಕುಂಬಾರನ ವರುಷವನ್ನು ದೊಣ್ಣೆ
ನಿಮಿಷದಲ್ಲಿ ಮುಗಿಸಿತ್ತು.
ಆ ನಿಮಿಷವನ್ನು ವಿಂಗಡಿಸಲು ಈಕೆಗೆ ಮೂವತ್ತೆರಡು ವರುಷ.
ತಿಬಿಲಿಸಿಯಿಂದ ನಾನು ತಂದ ಯಂತ್ರಕ್ಕೆ
ಮತ್ತೆ ನಿಮಿಷ.

ಒಂಬತ್ತು ಸಾವಿರ ಫೋಟೊ. ಆರು ಬಗೆ.
ನೂರಕ್ಕೆ ತೊಂಬತ್ತಾರು ಸರಿ ಎಂದು
ಪರದೆ ಹೇಳಿದ ದಿನ ನಾನು ಕುಣಿದೆ.
ಆಕೆ ಬಕೆಟ್ಟಿನ ನೀರು ಚೆಲ್ಲಿ ಬಂದು ಕೇಳಿದಳು,
"ಅದಕ್ಕೆ ನಾಲಗೆ ಇದೆಯಾ?"

ಆಮೇಲೆ ಚಳಿಗಾಲ. ಹೊಸ ಚೂರುಗಳನ್ನು
ಬಿಳಿ ದೀಪದಡಿ ಇಟ್ಟು ನಾನೇ ಫೋಟೊ ತೆಗೆದೆ.
ಅರ್ಧಕ್ಕರ್ಧ ತಪ್ಪು.
ಮೂರನೇ ಬಗೆಯ ಗುರುತೇ ಮರೆತಂತೆ
ಕಪ್ಪು ಕೆಂಪು ಕಣ್ಣೆದುರೇ ಇದ್ದರೂ ತಡಕಾಡಿತು.

ಎಲ್ಲಿ ನೋಡುತ್ತಿದ್ದೀಯ ಎಂದು ಯಂತ್ರವನ್ನು
ಕೇಳುವ ಒಂದು ದಾರಿಯಿದೆ.
ಅದು ದಿಟ್ಟಿಸಿದ ಜಾಗ ಚಿತ್ರದ ಮೇಲೆ
ಕೆಂಡದ ಹಾಗೆ ಕೆಂಪಾಗುತ್ತದೆ.
ಹಳೆಯ ಫೋಟೊಗಳನ್ನು ಒಂದೊಂದಾಗಿ ತೆರೆದೆ:
ಚೂರು ತಣ್ಣಗೆ ನಡುವೆ ಕೂತಿದೆ,
ಎಡಮೂಲೆ ಉರಿಯುತ್ತಿದೆ.
ಅಲ್ಲಿ ಏನೂ ಇಲ್ಲ. ಮೇಜಿನ ಮೇಲೆ
ಐದು ಬೆರಳಿನ ಎಲೆಯಂಥ ಒಂದು ನೆರಳು, ಅಷ್ಟೇ.

ನಾಜಿಬ್ರೋಲಾ ಕನ್ನಡಕ ಒರೆಸಿಕೊಂಡಳು.
"ಇದು ಪಡುವಣ ಕಿಟಕಿಯ ಬಳ್ಳಿ.
ಚಾವಣಿ ರಿಪೇರಿಗೆ ಬಂದವರು ಕಡಿದರು.
ಮೇಲಿನ ಗುಂಡಿಯ ಮಾಲು
ದಿನಾ ನಾಲ್ಕು ಗಂಟೆಗೆ ಇಳಿಯುತ್ತಿತ್ತು.
ಇರೋದಿ ಆಗಲೇ ಫೋಟೊ ತೆಗೆಯುತ್ತಿದ್ದ.
ದೀಪ ಹಚ್ಚು ಅಂದರೆ, ಕರೆಂಟು ಯಾರಪ್ಪನದು ಅನ್ನುತ್ತಿದ್ದ."
ಇರೋದಿ ಹೋಗಿ ಎರಡು ಸುಗ್ಗಿ ಕಳೆದಿವೆ.
ಅವನು ಕೊನೆಗೆ ಕಟ್ಟಿದ ಕ್ಯಾಮೆರಾ ಚೀಲ
ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ತೂಗಿದೆ.

ಅಂದರೆ ಅದು ಕಲಿತದ್ದು ಮಣ್ಣನ್ನಲ್ಲ.
ನಾಲ್ಕು ಗಂಟೆಯನ್ನು.

ನೆರಳನ್ನೆಲ್ಲ ಕತ್ತರಿಸಿ ಮತ್ತೆ ಕಲಿಸಿದೆ.
ಎಪ್ಪತ್ತೊಂದು.
ನಾಚಿಕೆಯಾಗಿ ಆಕೆಯನ್ನೂ ಪರೀಕ್ಷೆಗೆ ಕೂರಿಸಿದೆ,
ಹೋದ ವರುಷ ಆಕೆಯೇ ವಿಂಗಡಿಸಿದ ಇನ್ನೂರು ಚೂರು,
ಗುರುತು ಮುಚ್ಚಿ, ಕಲಸಿ.
ಮೂವತ್ತನ್ನು ಬೇರೆ ಪೆಟ್ಟಿಗೆಗೆ ಹಾಕಿದಳು.
ನಾನು ಹೇಳಬಾರದಿತ್ತೇನೋ, ಹೇಳಿದೆ.
ಅವಳು ಕೈ ಉಜ್ಜಿಕೊಂಡಳು: "ಚಳಿಗೆ ಬೆರಳು ಮಾತಾಡೋದಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ನನ್ನ ಹತ್ತಿರ ಏಳನೇ ಪೆಟ್ಟಿಗೆ ಒಂದಿದೆಯಲ್ಲ,
ಗೊತ್ತಿಲ್ಲ ಅನ್ನೋದಕ್ಕೆ. ಇದಕ್ಕೆ ಯಾಕೆ ಮಾಡಿಕೊಟ್ಟಿಲ್ಲ?"

ಮಾಡುತ್ತಿದ್ದೇನೆ. ಸುಲಭವಿಲ್ಲ.
ಗೊತ್ತಿಲ್ಲ ಎನ್ನುವುದಕ್ಕೆ ಉದಾಹರಣೆ ಎಲ್ಲಿಂದ ತರುವುದು?

ನಿನ್ನೆ ಹಳೆಯ ಕಡತದ ತಳದಲ್ಲಿ ಸಿಕ್ಕಿತು
ಇರೋದಿ ಬೆಳಕು ಅಳೆಯಲು ತೆಗೆದ ಒಂದು ಫೋಟೊ.
ಬರಿದಾದ ಮೇಜು, ಎಡಮೂಲೆಯಲ್ಲಿ ಬಳ್ಳಿ.
ಸುಮ್ಮನೆ, ಅಳಿಸದೆ ಇಟ್ಟಿದ್ದ ಹಳೆಯ ಯಂತ್ರಕ್ಕೆ ತೋರಿಸಿದೆ.
ಮೂರನೇ ಬಗೆ, ಅಂದಿತು. ನೂರಕ್ಕೆ ತೊಂಬತ್ತೊಂಬತ್ತು.

ನಾನು ನಕ್ಕೆ. ಆಕೆ ನಗಲಿಲ್ಲ.
ಕೈಲಿದ್ದ ಬ್ರಷ್ಷು ಕೆಳಗಿಟ್ಟು
ಆ ಖಾಲಿ ಮೇಜನ್ನು ಪರದೆಗೆ ಮೂಗು ತಾಗುವಷ್ಟು
ಹತ್ತಿರದಿಂದ ನೋಡಿ ಹೇಳಿದಳು,
"ಸರಿಯಾಗೇ ಹೇಳಿದೆ, ಹುಡುಗಾ.
ಈಗ ಬರುತ್ತೆ ನೋಡು, ಮೇಲಿನ ಗುಂಡಿಯ ಮಾಲು."