ಗಸಿ

ರಾತ್ರಿ ಎರಡಕ್ಕೆ ಕತ್ತೆಗಾಡಿಯಲ್ಲಿ ತಂದರು.
ವಾದ್ ಮದನಿಯ ಆಚೆ, ಕಾಲುವೆ ದಂಡೆಯ ಆಸ್ಪತ್ರೆ;
ಜನರೇಟರು ಕೆಮ್ಮುತ್ತಿತ್ತು.
ನಾನು ಕೆಲಸಕ್ಕೆ ಸೇರಿ ಹನ್ನೊಂದು ದಿನ,
ಬಿಳಿ ಕೋಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ಪುಸ್ತಕ ಕಲಿಸಿದಂತೆ ಕೇಳಿದೆ:
ಕೆಂಪಗಿತ್ತೋ, ಕಾಫಿ ಗಸಿಯ ಹಾಗೆ ಕರ್ರಗಿತ್ತೋ?

ಬತೂಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.
'ಇಪ್ಪತ್ತಾರು ವರ್ಷದಿಂದ ಬಸ್ ನಿಲ್ಲುವ ಬೇವಿನ ಕೆಳಗೆ
ಶುಂಠಿ ಕುಟ್ಟಿ ಹಾಕಿ ಕಾಫಿ ಮಾರುತ್ತೇನೆ, ಮಗಳೇ.
ಗಸಿ ಅಂದರೇನು ಅಂತ ನನಗೆ ಗೊತ್ತಿಲ್ಲವಾ?
ಗಸಿ ತಳ ಸೇರುತ್ತೆ, ಒಂದು ಗಳಿಗೆ ಕಾದರೆ ಸಾಕು.
ಇದು ಕಾಯಲಿಲ್ಲ.
ಬೋಗುಣಿ ತುಂಬಿ, ಚಾಪೆ ದಾಟಿ
ಹೊಸ್ತಿಲಿಗೆ ಹೋಗಿ ನಿಂತಿತು.'

ನೋವಿನ ಮಾತ್ರೆ ನುಂಗುತ್ತಿದ್ದರಾ?
ಹಲ್ಲಿಗೆ ಎರಡು, ಅದೂ ಹೋದ ರಂಜಾನಿನಲ್ಲಿ.
ಓಕರಿಸಿ ಓಕರಿಸಿ ಆಮೇಲೆ ರಕ್ತ ಬಂತಾ?
ಇಲ್ಲ, ಒಮ್ಮೆಗೇ.
ಖರ್ಜೂರದ ಸಾರಾಯಿ?
ಅವಳು ಉತ್ತರಿಸಲೇ ಇಲ್ಲ, ಸೆರಗು ಸರಿಪಡಿಸಿಕೊಂಡಳು.
ಹೊಟ್ಟೆ ಉರಿಯುತ್ತಿತ್ತಾ?
'ಯಾರ ಮೇಲೆ?'

ಹುಣ್ಣು, ಹರಿದ ಒಳಪದರ, ಗಡ್ಡೆ,
ಮನಸ್ಸಿನೊಳಗೆ ಒಂದೊಂದಾಗಿ ಗೀಟು ಹಾಕುತ್ತಾ
ಕಡೆಯ ಪ್ರಶ್ನೆಗೆ ಬಂದೆ: ಏನು ಕೆಲಸ?

ನೀರಗಂಟಿ.
ಹತ್ತಿ ಹೊಲಗಳ ತೂಬು ತೆರೆದು ಮುಚ್ಚಿ
ಮೂವತ್ತೆಂಟು ವರ್ಷ ಮೊಣಕಾಲುದ್ದ ನೀರಿನಲ್ಲಿ.

ಪೆನ್ನು ಕೆಳಗಿಟ್ಟೆ. ಎಡ ಪಕ್ಕೆಯ ಕೆಳಗೆ ಕೈಯಿಟ್ಟೆ.
ಗುಲ್ಮ ಹೊಕ್ಕುಳವರೆಗೂ ಇಳಿದು ಕೂತಿತ್ತು,
ಬಾಡಿಗೆ ಕೊಡದೆ ಉಳಿದ ನೆಂಟನ ಹಾಗೆ.

ಬಾಬಿಕರ್ ಕಣ್ಣು ತೆರೆದ. ಅವನಿಗೆ ಹೇಳಲೇಬೇಕಿತ್ತು:
ನೀರಿನ ಬಸವನಹುಳುವಿನಿಂದ ಹೊರಟ, ಕಣ್ಣಿಗೆ ಕಾಣದ ಮರಿ
ನಿನ್ನ ಒದ್ದೆ ಚರ್ಮ ತೂರಿತು, ಯಾವತ್ತೋ, ಎಷ್ಟೋ ಸಲ.
ಯಕೃತ್ತಿಗೆ ಹೋಗುವ ರಕ್ತದ ದಾರಿಯಲ್ಲಿ
ಗಂಡು ಹೆಣ್ಣು ಬಿಡಾರ ಹೂಡಿದವು.
ಗಂಡು ತನ್ನ ಮೈಮಡಿಕೆಯಲ್ಲಿ ಹೆಣ್ಣನ್ನು ಅವಚಿಕೊಂಡು
ವರ್ಷಗಟ್ಟಲೆ ಬಿಡುವುದಿಲ್ಲ.
(ಬತೂಲ್ ಮುಖ ಆಚೆ ತಿರುಗಿಸಿದಳು.)
ಕೆಡಿಸುವುದು ಹುಳುವಲ್ಲ, ಮೊಟ್ಟೆ.
ಯಕೃತ್ತಿನ ಸಣ್ಣ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡು, ಗಟ್ಟಿಯಾಗಿ...

'ಹೂಳು,' ಅಂದ.
ಹೌದು, ಹೂಳು.
'ಮುಂದೆ ಹೋಗದ ನೀರು ಏರಿಯಲ್ಲಿ
ತೆಳುವಾದ ಜಾಗ ಹುಡುಕುತ್ತೆ.
ಎಲ್ಲಿ ಒಡೆದಿದೆ?'
ಅನ್ನನಾಳದ ಬುಡದಲ್ಲಿ.
'ಕಟ್ಟುತ್ತೀಯಾ?'
ನಾನಲ್ಲ, ಇಖ್ಲಾಸ್ ಮೇಡಂ. ಉಬ್ಬಿದ ರಕ್ತನಾಳಕ್ಕೆ ರಬ್ಬರಿನ ಉಂಗುರ ಹಾಕುತ್ತಾರೆ.
'ಹೂಳು ಎತ್ತುತ್ತಾರಾ?'

ಗ್ಲೂಕೋಸಿನ ಹನಿ ಎಣಿಸುವವಳಂತೆ ಮೇಲೆ ನೋಡಿದೆ.

ಬೆಳಗಾಗುವಷ್ಟರಲ್ಲಿ ಆರು ಉಂಗುರ, ಮೂರು ಬಾಟಲಿ ರಕ್ತ;
ಊರಿನ ಹುಡುಗರು ಅಂಗಿಯ ತೋಳೇರಿಸಿ ಸಾಲು ನಿಂತಿದ್ದರು.
ನಾಡಿ ನೂರಕ್ಕಿಂತ ಕೆಳಗಿಳಿಯಿತು.
ಇನ್ನೊಮ್ಮೆ ಒಡೆಯುವುದಿಲ್ಲ ಅಂತ ಯಾರೂ ಹೇಳಲಿಲ್ಲ.

ಹೊರಗೆ ಮೊಮ್ಮಗ ಬಶರಿ, ಗಾಡಿ ಹೊಡೆದುಕೊಂಡು ಬಂದವನು,
ಒಂಬತ್ತು ವರ್ಷ ಇರಬಹುದು,
ಅಜ್ಜನ ನಿಲುವಂಗಿ ಹಿಂಡಿ ಬೇಲಿಗೆ ಹರವುತ್ತಿದ್ದ.
ಎಲ್ಲಿ ತೊಳೆದೆ ಅಂತ ಕೇಳಬೇಕಾಗಿರಲಿಲ್ಲ.
ಮೊಣಕಾಲಿನವರೆಗೂ ಕಾಲು ಒದ್ದೆ.

ಕೂಡಲೇ ಗಸಗಸ ಒರೆಸಿದರೆ
ಒಂದಷ್ಟಾದರೂ ಒಳಹೊಗಲಾರವು ಅಂತ ಎಲ್ಲೋ ಓದಿದ್ದೆ.
ಟವೆಲ್ ಹುಡುಕಿದೆ, ಸಿಗಲಿಲ್ಲ.
ಕೋಟು ಬಿಚ್ಚಿ, ಮಣ್ಣಿನಲ್ಲಿ ಕೂತು
ಅವನ ಕಾಲು ಒರೆಸತೊಡಗಿದೆ.
ಅವನಿಗೆ ಕಚಗುಳಿ. ನಗುತ್ತಾ ಕಾಲು ಎಳೆದುಕೊಳ್ಳುತ್ತಿದ್ದ.